ಬಂದರಿಲ್ಲದ ಊರುಗಳ ದೋಣಿ ಪ್ರಯಾಣ

ಬೇಸಗೆ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ದೋಣಿ ಹತ್ತಿ, ಸರೋವರದ ದಂಡೆಯ ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವ ದೃಶ್ಯವನ್ನು ನೀವು ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದೀರಿ. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ ಬೆಳಿಗ್ಗೆ ಜಿನೀವಾ ಊರಿನಲ್ಲಿ ದೋಣಿ ಹತ್ತಿ, ನಡುವೆ ಲೊಸಾನ್ ಊರಿನಲ್ಲಿ ಇಳಿದು ಸುತ್ತಾಡಿ, ಸಂಜೆಗೆ ಮಾಂತ್ರೊ ಮುಟ್ಟಬಹುದು. ಊರಿಗೊಂದು ಬಂದರು, ಬಂದರಿಗೊಂದು ವೇಳಾಪಟ್ಟಿ. ಅಂಥದೇ ಒಂದು ಪ್ರವಾಸವನ್ನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನಡುವೆ ಹಾಕಿಕೊಳ್ಳೋಣವೆ? ಭೂಪಟ ಬಿಡಿಸಿ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.

ಮೊದಲ ಐದು ನಿಮಿಷದಲ್ಲೇ ನಿಮ್ಮ ಪೆನ್ಸಿಲ್ ನಿಲ್ಲುತ್ತದೆ. ಈ ಮೂರು ಪೇಟೆಗಳಲ್ಲಿ ಒಂದೂ ಹೊಳೆಯ ದಂಡೆಯ ಮೇಲಿಲ್ಲ. ಪೂರ್ವಕ್ಕೆ ತುಂಗಭದ್ರೆ ಇದ್ದಾಳೆ. ಪಶ್ಚಿಮದಿಂದ ವರದೆ ಹರಿದು ಬಂದು, ಹಾವೇರಿಯ ಉತ್ತರಕ್ಕೆ ಬಳಸಿ, ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುತ್ತಾಳೆ. ಎರಡು ದೊಡ್ಡ ಹೊಳೆಗಳ ನಡುವಿನ ನಾಡು ಇದು. ಆದರೂ ಇಲ್ಲಿಯ ಪೇಟೆಗಳು ನೀರಿಗೆ ಬೆನ್ನು ಮಾಡಿ ಒಳನಾಡಿನಲ್ಲಿ ಬೆಳೆದಿವೆ. ಹಾವೇರಿಗೆ ಹೆಗ್ಗೇರಿ ಕೆರೆ ಇದೆಯೆಂಬುದು ನಿಜ. ಆದರೆ ಕೆರೆ ಒಂದು ಊರಿನದು. ಅಲ್ಲಿ ಮೀನು ಹಿಡಿಯುವವರು ತೆಪ್ಪ ಇಳಿಸಬಹುದು, ಮತ್ತೊಂದು ಊರಿಗೆ ಹೋಗಲಾಗದು. ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಹತ್ತಿ, ಹಾವೇರಿಯ ಏಲಕ್ಕಿ ಮಾಲೆ ಇವೆಲ್ಲ ಹೆಸರು ಮಾಡಿದ್ದು ಬಂಡಿ, ರೈಲು, ಲಾರಿಗಳ ಮೂಲಕ, ದೋಣಿಯಿಂದಲ್ಲ.

ಹೊಳೆಯ ದಂಡೆಯ ಮೇಲೆ ಏನಿದೆ ಹಾಗಾದರೆ? ದೇವಾಲಯಗಳಿವೆ, ಸಣ್ಣ ಹಳ್ಳಿಗಳಿವೆ. ಗಳಗನಾಥದಲ್ಲಿ ಗಳಗೇಶ್ವರ, ಚೌಡದಾನಪುರದಲ್ಲಿ ಮುಕ್ತೇಶ್ವರ, ಹರಳಹಳ್ಳಿಯಲ್ಲಿ ಸೋಮೇಶ್ವರ. ಎಲ್ಲವೂ ಎಂಟು-ಒಂಬತ್ತು ನೂರು ವರ್ಷಗಳಷ್ಟು ಹಳೆಯ ಕಲ್ಲಿನ ಗುಡಿಗಳು. (ಕಾದಂಬರಿಕಾರ ಗಳಗನಾಥರು, ಅಂದರೆ ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಕಾವ್ಯನಾಮ ಆರಿಸಿಕೊಂಡದ್ದು ಈ ದಂಡೆಯಿಂದಲೇ.) ಗುಡಿ ಕಟ್ಟಿದವರು ಹೊಳೆಗೆ ಹತ್ತಿರ ಬಂದರು, ಪೇಟೆ ಕಟ್ಟಿದವರು ದೂರ ಉಳಿದರು. ಇದು ಆಕಸ್ಮಿಕವಲ್ಲ. ಈ ಹೊಳೆ ನಮ್ಮವರಿಗೆ ಎಂದೂ ಉದ್ದಕ್ಕೆ ಸಾಗುವ ದಾರಿಯಾಗಿರಲಿಲ್ಲ. ಅಡ್ಡಕ್ಕೆ ದಾಟಬೇಕಾದ ತಡೆಯಾಗಿತ್ತು. ಇಲ್ಲಿಯ ದೋಣಿಯ ಇತಿಹಾಸವೆಂದರೆ ದಡದಿಂದ ದಡಕ್ಕೆ ಹೋದವರ ಇತಿಹಾಸ.

ಘಟ್ಟದ ಕೆಳಗೆ ಹೋಗಿ ನೋಡಿ, ಚಿತ್ರ ಬೇರೆಯಾಗುತ್ತದೆ. ಗೇರುಸೊಪ್ಪೆಯ ಕಾಳುಮೆಣಸು ಶರಾವತಿಯ ಮೇಲೆ ದೋಣಿಯಲ್ಲಿ ಹೊನ್ನಾವರಕ್ಕೆ ಇಳಿದು ಸಮುದ್ರ ಸೇರುತ್ತಿತ್ತು. ಅಲ್ಲಿ ಹೊಳೆ ಸಮತಟ್ಟು, ಆಳ, ವರ್ಷವಿಡೀ ನೀರು. ಭರತ ಇಳಿತಗಳು ದೋಣಿಯನ್ನು ಒಳಕ್ಕೂ ಹೊರಕ್ಕೂ ತಳ್ಳಿಕೊಡುತ್ತವೆ. ನಮ್ಮ ತುಂಗಭದ್ರೆಯ ಪಾತ್ರದಲ್ಲಿ ಬಂಡೆ, ಮರಳು ದಿಬ್ಬ, ನಡುನಡುವೆ ಮಡು. ಮಳೆಗಾಲದಲ್ಲಿ ದಡ ತುಂಬಿ ಓಡುತ್ತಾಳೆ. ಬೇಸಗೆಯಲ್ಲಿ ಕವಲು ಕವಲಾಗಿ ಮರಳಿನಲ್ಲಿ ಹುದುಗುತ್ತಾಳೆ. ಉದ್ದಕ್ಕೆ ದೋಣಿ ನಡೆಸಬೇಕೆಂದರೆ ಮಳೆಗಾಲದಲ್ಲಿ ಸೆಳವು ಬಿಡದು, ಬೇಸಗೆಯಲ್ಲಿ ನೀರೇ ಸಿಗದು.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಈ ಹೊಳೆ ತುಂಬುವುದು ರಾಣೆಬೆನ್ನೂರಿನ ಮಳೆಯಿಂದಲ್ಲ. ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಕೂಡಲಿಯಲ್ಲಿ ಒಂದಾಗಿ ಕೆಳಗೆ ಬರುತ್ತವೆ. ವರದೆ ಸಾಗರ ಸೀಮೆಯ ವರದಾಮೂಲದವಳು. ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದರೆ, ಹೊಲದಲ್ಲಿ ಹನಿ ಬೀಳದ ಹಳ್ಳಿಯ ಮುಂದೆ ಕೆಂಪು ನೀರು ಉಕ್ಕಿ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಹಾವೇರಿ ಜಿಲ್ಲೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿರಬೇಕು. ಆದ್ದರಿಂದ ಹೊಳೆ ದಾಟುವವನು ತನ್ನ ತಲೆಯ ಮೇಲಿನ ಮೋಡ ನೋಡಿದರೆ ಸಾಲದು, ನೀರಿನ ಬಣ್ಣ ನೋಡಬೇಕು. ಅದನ್ನು ಓದಬಲ್ಲವನೇ ಅಂಬಿಗ.

ಅಂಬಿಗನ ವಾಹನ ಹರಿಗೋಲು. ಕ್ರಿ.ಶ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದೇ ತುಂಗಭದ್ರೆಯ ಕೆಳದಂಡೆಯಲ್ಲಿ, ಆನೆಗೊಂದಿಗೆ ಜನ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿಗಳು; ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ; ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತವೆ; ನೇರವಾಗಿ ಹೋಗಲಾರದೆ ಗಿರಗಿರನೆ ತಿರುಗುತ್ತಲೇ ಇರುತ್ತವೆ; ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎನ್ನುವುದು ಅವನ ವರದಿಯ ಸಾರ. ಸಮುದ್ರಯಾನದಲ್ಲಿ ಪಳಗಿದ ನಾಡಿನವನಿಗೆ ಇದು ನಗೆ ತರಿಸಿರಬೇಕು. ನಮಗೆ ಮಾತ್ರ ಅವನ ಇಪ್ಪತ್ತು ಜನರ ಲೆಕ್ಕವನ್ನು ಪರೀಕ್ಷಿಸಿ ನೋಡುವ ಆಸೆ.

ನಿಮ್ಮ ಭೌತಶಾಸ್ತ್ರದ ಪುಸ್ತಕದಿಂದ ಆರ್ಕಿಮಿಡೀಸನನ್ನು ಕರೆಯಿರಿ. ಮೂರು ಮೀಟರ್ ಅಡ್ಡಗಲದ ಹರಿಗೋಲು ಎಂದಿಟ್ಟುಕೊಳ್ಳಿ. ತಳದ ವಿಸ್ತೀರ್ಣ ಸುಮಾರು 7 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಿದರೆ 70 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ಅಂದರೆ 70 ಕಿಲೋ ಭಾರ ಹೊರುತ್ತದೆ. ಒಬ್ಬ ದೊಡ್ಡ ಮನುಷ್ಯ ಹತ್ತಿದರೆ ಒಂದೇ ಸೆಂಟಿಮೀಟರ್! ಇಪ್ಪತ್ತು ಜನ ಹತ್ತಿದರೂ ಗೇಣು ಮುಳುಗಿದರೆ ಹೆಚ್ಚು. ಪಾಯೆಸ್ ಉತ್ಪ್ರೇಕ್ಷೆ ಮಾಡಿಲ್ಲ. ಬಂಡೆ, ಮರಳು ತುಂಬಿದ ತೆಳುನೀರಿನಲ್ಲಿ ಸಮುದ್ರದ ದೋಣಿಯ ಏಣು ತಾಗಿ ನಿಂತುಬಿಡುತ್ತದೆ. ಚಪ್ಪಟೆ ತಳದ ಬುಟ್ಟಿ ಜಾರಿಕೊಂಡು ಹೋಗುತ್ತದೆ. ತಿರುಗುವುದೂ ಅದೇ ಕಾರಣಕ್ಕೆ. ಏಣು ಇಲ್ಲ, ಮುಂದು ಹಿಂದು ಇಲ್ಲ. ಒಂದು ಕಡೆ ಹುಟ್ಟು ಹಾಕಿದರೆ ಇಡೀ ದೋಣಿ ಸುತ್ತುತ್ತದೆ. (ಒಳಗೆ ಕುಳಿತು ಚಿತ್ರೀಕರಿಸುವವರ ಪಾಡು ಕೇಳಬೇಡಿ. ಗುಡಿಯ ಗೋಪುರಕ್ಕೆ ಕ್ಯಾಮೆರಾ ಹಿಡಿದರೆ ಅರ್ಧ ನಿಮಿಷದಲ್ಲಿ ಎದುರು ದಡದ ಎಮ್ಮೆಗಳು ಬಂದಿರುತ್ತವೆ.)

ಲೆಕ್ಕದಲ್ಲಿ ಬಾರದ ಅಪಾಯವೊಂದಿದೆ. ಭಾರ ನಟ್ಟನಡುವೆ ಹರಡಿದ್ದರೆ ಹರಿಗೋಲು ಗಟ್ಟಿ. ಏನನ್ನೋ ನೋಡಲು ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ಅಂಚು ನೀರಿಗೆ ಬಾಗುತ್ತದೆ. ಹೊಳೆಯಲ್ಲಿ ನಡೆದ ದುರಂತಗಳೆಲ್ಲ ಹೆಚ್ಚಾಗಿ ಹೀಗೆಯೆ: ತುಂಬಿದ ಹೊಳೆ, ಹೆಚ್ಚು ಜನ, ಒಬ್ಬರ ಗಾಬರಿ. ಹತ್ತಿದವರನ್ನು ಅಂಬಿಗ ಗದರಿಸಿ ಕೂಡ್ರಿಸುತ್ತಿದ್ದದ್ದು ಸಿಟ್ಟಿನಿಂದಲ್ಲ.

ಇನ್ನು ದಾಟುವ ಲೆಕ್ಕ. ಹರಿಹರದ ಹಳೆಯ ಸೇತುವೆಗೆ 14 ಕಮಾನುಗಳು, ಒಂದೊಂದರ ಅಗಲ 60 ಅಡಿ. ಕೂಡಿಸಿದರೆ 840 ಅಡಿ, ಹತ್ತಿರ ಹತ್ತಿರ 250 ಮೀಟರ್. ಹೊಳೆ ಅಷ್ಟು ಅಗಲವಿದ್ದು, ಅಂಬಿಗ ಸೆಕೆಂಡಿಗೆ ಅರ್ಧ ಮೀಟರಿನಂತೆ ಅಡ್ಡ ಸಾಗಿದರೆ 500 ಸೆಕೆಂಡು ಬೇಕು. ಸೆಳವು ಸೆಕೆಂಡಿಗೆ ಒಂದು ಮೀಟರ್ ಇದ್ದರೆ ಅಷ್ಟರಲ್ಲಿ ಹರಿಗೋಲು ಅರ್ಧ ಕಿಲೋಮೀಟರ್ ಕೆಳಗೆ ಹೋಗಿರುತ್ತದೆ. ಆದ್ದರಿಂದ ಎದುರಿನ ಊರಿಗೆ ಹೋಗಬೇಕಾದವನು ಮೊದಲು ತನ್ನ ದಡದಲ್ಲೇ ಅರ್ಧ ಕಿಲೋಮೀಟರ್ ಮೇಲಕ್ಕೆ ಹರಿಗೋಲನ್ನು ಹಗ್ಗ ಹಾಕಿ ಎಳೆಯಬೇಕು, ಇಲ್ಲವೆ ತಲೆಯ ಮೇಲೆ ಹೊರಬೇಕು. ಕಾಲೇಜಿನಲ್ಲಿ ಎರಡು ವೇಗಗಳನ್ನು ಕೂಡಿಸುವ ಪಾಠ ನಿಮಗೆ ಬೇಸರ ತಂದಿರಬಹುದು. ಅಕ್ಷರ ಬಾರದ ಅಂಬಿಗ ಅದನ್ನು ದಿನಕ್ಕೆ ಹತ್ತು ಸಲ ಬಿಡಿಸುತ್ತಿದ್ದ.

ಪ್ರವಾಹದ ವಿರುದ್ಧ ಸಾಗದಿರುವುದು ನಮ್ಮ ಹರಿಗೋಲಿನದೊಂದೇ ಸಮಸ್ಯೆಯಲ್ಲ. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಅವೂ ತೊಗಲು ಹೊದಿಸಿದವೇ. ವ್ಯಾಪಾರಿಗಳು ಸರಕಿನ ಜೊತೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಹೊಳೆಗುಂಟ ಇಳಿಯುತ್ತಿದ್ದರಂತೆ. ಬ್ಯಾಬಿಲೋನಿನಲ್ಲಿ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ, ನಡೆದು ಊರಿಗೆ ಮರಳುತ್ತಿದ್ದರು.

ಇಲ್ಲಿ ಹರಿಗೋಲು ಕಟ್ಟುವುದು ಒಬ್ಬರ ಕೆಲಸವಾಗಿರಲಿಲ್ಲ. ಬಿದಿರು ಸೀಳಿ ಹೆಣೆಯುವ ಕೈ ಒಂದು, ತೊಗಲು ಹದ ಮಾಡಿ ಹೊಲಿಯುವ ಕೈ ಇನ್ನೊಂದು, ಹುಟ್ಟು ಹಾಕುವ ಕೈ ಮತ್ತೊಂದು. ಊರ ಸಮಾಜ ಈ ಮೂವರನ್ನೂ ಕೆಳಗೆ ಕೂಡ್ರಿಸಿ, ಹೊಳೆ ಬಂದಾಗ ಮಾತ್ರ ಅವರ ಬುಟ್ಟಿಯಲ್ಲಿ ತಾನು ಕುಳಿತು ದಾಟುತ್ತಿತ್ತು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರನ್ನು ಈ ದಂಡೆಯಲ್ಲಿ ನಿಂತು ನೆನೆಯಬೇಕು. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಇವರು ತಮ್ಮ ಹೆಸರನ್ನೇ, ಕಾಯಕದ ಸಮೇತ, ಅಂಕಿತ ಮಾಡಿಕೊಂಡರು. ಚೌಡದಾನಪುರಕ್ಕೆ ಆ ಹೆಸರು ಬಂದದ್ದು ಅವರಿಂದಲೇ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಅವರ ಗದ್ದುಗೆಯನ್ನೂ ಅಲ್ಲಿಯೇ ಹೊಳೆಯ ದಂಡೆಯಲ್ಲಿ ತೋರಿಸುತ್ತಾರೆ.

ಹೊಳೆಯ ಋತುಮಾನ ರಾಜರನ್ನೂ ದಂಡುಗಳನ್ನೂ ಬಿಟ್ಟಿಲ್ಲ. ಒಂದೇ ಮನುಷ್ಯ ಈ ಹೊಳೆಯನ್ನು ಎರಡು ಕಾಲದಲ್ಲಿ ದಾಟಿದ ಕಥೆ ಕೇಳಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಚನ್ನಗಿರಿಯ ಧೋಂಡಿಯಾ ವಾಘನ ಬೆನ್ನು ಹತ್ತಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹರಿಹರಕ್ಕೆ ಬಂದ. ಜೂನ್ ತಿಂಗಳು, ಹೊಳೆ ಆಗಲೇ ಏರಿತ್ತು. ದಂಡು, ತೋಪು, ಎತ್ತುಗಳನ್ನೆಲ್ಲ ದಾಟಿಸುವುದರಲ್ಲಿ ದಿನಗಳು ಕಳೆದವು. ದಾಟಿದ ಮೇಲೆ ಜೂನ್ ಕೊನೆಯ ವಾರದಲ್ಲಿ ರಾಣೆಬೆನ್ನೂರಿನ ಕೋಟೆಯನ್ನು ಹಿಡಿದ. ಮುಂದೆ ಹಾವೇರಿಯ ಆಚೆ ವರದೆ ಕಾದಿದ್ದಳು. ಧೋಂಡಿಯಾ ಆ ಸೆಪ್ಟೆಂಬರ್‌ವರೆಗೂ ಸಿಗಲಿಲ್ಲ. ಮೂರು ವರ್ಷದ ನಂತರ, 1803ರ ಮಾರ್ಚ್‌ನಲ್ಲಿ, ಪುಣೆಗೆ ಹೊರಟ ಅದೇ ವೆಲ್ಲೆಸ್ಲಿ ಹಾವನೂರಿನ ಹತ್ತಿರ ಅದೇ ಹೊಳೆಯನ್ನು ದಾಟಿದ. ಬೇಸಗೆಯ ಹೊಳೆ, ಮೊದಲಿನ ಗೋಳಿರಲಿಲ್ಲ. ಆದರೆ ಪಾಠ ಮರೆತಿರಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ವರದೆ, ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳ ದಾಟುಗಳಲ್ಲಿ ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನು ಸಿದ್ಧವಿಡಲು ಪತ್ರದ ಮೇಲೆ ಪತ್ರ ಬರೆದ. 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್‌ಟನ್ ಈತನೇ. ಅವನ ಪತ್ರಗಳಲ್ಲಿ ನಮ್ಮ ಅಂಬಿಗರ ಹೆಸರಿಲ್ಲ.

ಸಾಮಾನ್ಯ ಸಂಸಾರದ ದಾಟು ಇತಿಹಾಸದ ಪುಟಕ್ಕೆ ಬಂದದ್ದು ಕಡಿಮೆ. ಆದರೆ ನಮ್ಮ ಪ್ರವಾಸದ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಈ ಸೀಮೆಯ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆ ದಾಟುತ್ತಿದ್ದ ದೊಡ್ಡ ಸಂದರ್ಭ ಮೈಲಾರದ ಜಾತ್ರೆ. ಮೈಲಾರ ಇರುವುದು ಹೊಳೆಯ ಬಲದಂಡೆಯಲ್ಲಿ, ಹೂವಿನಹಡಗಲಿ ತಾಲ್ಲೂಕಿನಲ್ಲಿ. ಈಚೆ ದಂಡೆಯಲ್ಲಿ ಹಾವನೂರು, ಗುತ್ತಲದ ಕಡೆಯ ಹಳ್ಳಿಗಳು. ಜಾತ್ರೆ ಮಾಘದ ಭರತ ಹುಣ್ಣಿಮೆಯ ಸುಮಾರಿಗೆ, ಅಂದರೆ ಹೊಳೆ ಇಳಿದು, ಬಿಸಿಲು ಇನ್ನೂ ಕಾಯದ, ಸುಗ್ಗಿಯ ಕೆಲಸ ಹಗುರಾದ ಹೊತ್ತು. ಜಾತ್ರೆಯ ಕಾಲವನ್ನು ಹೊಳೆಯೇ ಗೊತ್ತು ಮಾಡಿತೋ ಏನೋ ಎನ್ನುವಷ್ಟು ಸರಿಯಾದ ಹೊಂದಿಕೆ. ಕೊಲ್ಲಾರಿ ಬಂಡಿಗಳು ತೆಳುನೀರಿನ ಕಡೆ ಎತ್ತುಗಳ ಹೊಟ್ಟೆ ತೋಯಿಸುತ್ತ ದಾಟುತ್ತವೆ. ಮಡು ಇದ್ದಲ್ಲಿ ಹೆಣ್ಣುಮಕ್ಕಳು, ಮುದುಕರು, ಹಸುಗೂಸುಗಳಿಗೆ ಹರಿಗೋಲು ಅಥವಾ ತೆಪ್ಪ. ಕಟಿರೊಟ್ಟಿ, ಶೇಂಗಾ ಹಿಂಡಿ, ಎತ್ತಿಗೆ ಹೊಟ್ಟು ಮೇವು, ಗೊರವಪ್ಪನಿಗೆ ಜೋಳ ಇವಿಷ್ಟು ಸಿದ್ಧತೆ. ಕಾರ್ಣಿಕದ ನುಡಿ ಕೇಳಿ, ಮುಂದಿನ ವರ್ಷದ ಮಳೆ ಬೆಳೆ ಹೇಗೆಂದು ಅರ್ಥ ಬಿಡಿಸುತ್ತ ಅದೇ ದಾರಿಯಿಂದ ಮರಳುವುದು.

ಹೊಳೆಯಾಚೆಗೆ ಹೆಣ್ಣು ಕೊಟ್ಟ ಮನೆಗಳಿಗಂತೂ ಈ ಲೆಕ್ಕ ವರ್ಷವಿಡೀ ಇತ್ತು. ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರುವುದಾದರೆ ಮಿರಗದ ಮಳೆಗೆ ಮುಂಚೆ ಕರೆತರಬೇಕು. ತಡವಾದರೆ ಒಂದು ದಡದಲ್ಲಿ ತಾಯಿ, ಇನ್ನೊಂದು ದಡದಲ್ಲಿ ಮಗಳು, ನಡುವೆ ಎರಡು ಮೂರು ತಿಂಗಳ ಕೆಂಪು ನೀರು. ನಿಮ್ಮ ಮನೆಯ ಅಜ್ಜಿಯ ತವರು ಹೊಳೆಯಾಚೆ ಇದ್ದರೆ ಕೇಳಿ ನೋಡಿ.

ನೀರಿನ ಜೊತೆಗೆ ಸರ್ಕಾರಗಳೂ ಅಡ್ಡ ಬಂದವು. ಬ್ರಿಟಿಷರ ಕಾಲದಲ್ಲಿ ಎಡದಂಡೆಯ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಎದುರಿನ ಹರಿಹರ ಮೈಸೂರು ಸಂಸ್ಥಾನದ್ದು. ಇನ್ನಷ್ಟು ಕೆಳಗೆ, ಮೈಲಾರ ಇರುವ ದಂಡೆ, ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು. ಮೂರು ಕಡೆಯೂ ಮನೆಮಾತು ಕನ್ನಡ, ಮೂರು ಕಡೆಯೂ ಬೇರೆ ಕಚೇರಿ. ಒಂದೇ ಹರಿಗೋಲು ಹತ್ತು ನಿಮಿಷದಲ್ಲಿ ಒಂದು ಸರ್ಕಾರದಿಂದ ಇನ್ನೊಂದಕ್ಕೆ ಹೋಗುತ್ತಿತ್ತು. 1953ರಲ್ಲಿ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯೂ ಕೂಡಿಕೊಂಡಿತು. ಏಕೀಕರಣವನ್ನು ನಾವು ಭಾಷಣ, ಸಮ್ಮೇಳನಗಳ ಕಥೆಯಾಗಿ ಓದುತ್ತೇವೆ. ಈ ದಂಡೆಯವರಿಗೆ ಅದು ಎದುರು ದಡದ ಬೀಗರು ಒಂದೇ ರಾಜ್ಯದವರಾದ ದಿನ.

ದಾಟುವ ವಹಿವಾಟು ಬದಲಾದ ಕಥೆಯಲ್ಲಿ 1868ನೆಯ ಇಸವಿ ಕುತೂಹಲದ್ದು. ಆ ವರ್ಷ ಮುಂಬಯಿ ಸರ್ಕಾರ ತನ್ನ ಹೊಳೆದಾಟುಗಳ ಬಗ್ಗೆ ಕಾಯ್ದೆ ಮಾಡಿತು. ಊರಿನವರು ಸುಗ್ಗಿಯಲ್ಲಿ ಕೊಡುತ್ತಿದ್ದ ಕಾಳಿನ ಮೇಲೆ ನಡೆಯುತ್ತಿದ್ದ ಕಾಯಕ ಸರ್ಕಾರದ ಲೆಕ್ಕಪತ್ರದೊಳಗೆ ಬಂತು: ಗುತ್ತಿಗೆ, ದರದ ಪಟ್ಟಿ. ಅದೇ 1868ರಲ್ಲಿ ಹರಿಹರದಲ್ಲಿ ಕಲ್ಲು ಇಟ್ಟಿಗೆಗಳ ಸೇತುವೆ ಮುಗಿದು, ಬೆಂಗಳೂರು–ಧಾರವಾಡ ರಸ್ತೆ ಹೊಳೆಯ ಮೇಲೆಯೇ ಹಾದುಹೋಯಿತು. ಇಪ್ಪತ್ತು ವರ್ಷದೊಳಗೆ ಹುಬ್ಬಳ್ಳಿಯಿಂದ ಹರಿಹರಕ್ಕೆ ರೈಲು ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ಹಳಿಯ ಮೇಲಿನ ನಿಲ್ದಾಣಗಳು. ನೀವು ಹುಡುಕುತ್ತಿದ್ದ ಬಂದರುಗಳು ಇವೇ ಎನ್ನಬಹುದು. ಹತ್ತಿ, ಮೆಣಸಿನಕಾಯಿಗಳ ಹಡಗು ಹಳಿಯ ಮೇಲೆ ಬಂದು ನಿಂತಿತು. ಹೊಳೆದಂಡೆಯ ಹಳ್ಳಿಗಳು ಹಿಂದೆ ಬಿದ್ದವು. ಸೇತುವೆ ಒಂದೊಂದಾಗಿ ಬಂದಂತೆ, ಅಂಬಿಗರ ಮನೆಗಳ ಗಂಡಸರು ಮೀನುಗಾರಿಕೆಗೋ ಕೂಲಿಗೋ ತಿರುಗಿದರು. ಬಾಣಂತಿಯರು ಮಳೆಗಾಲದಲ್ಲೂ ತವರಿಗೆ ಬರುವಂತಾದರು. ಒಂದು ಕಾಯಕ ಹೋಯಿತೆಂದು ಮರುಗುವವರು ಈ ಎರಡನೆಯ ಮಾತನ್ನೂ ತಕ್ಕಡಿಗೆ ಹಾಕಬೇಕೆಂದು ನನ್ನ ಅಭಿಪ್ರಾಯ.

ಹರಿಗೋಲು ಪೂರ್ತಿ ಮರೆಯಾಗಿಲ್ಲ. ತೊಗಲಿನ ಬದಲು ಡಾಂಬರು ಬಳಿದ ಚೀಲ, ಪ್ಲಾಸ್ಟಿಕ್ ಹಾಳೆ ಬಂದಿವೆ. ಪ್ರವಾಸಿ ತಾಣಗಳಲ್ಲಿ ಫೈಬರ್ ಬುಟ್ಟಿಗಳೂ ಇವೆ. ಬೇಸಗೆಯ ಹೊಳೆಯೂ ಹಳೆಯದಲ್ಲ. ಹಿಂದೆ ಮರಳಿನ ಮೇಲೆ ಕಲ್ಲಂಗಡಿ, ಸೌತೆ ಹಬ್ಬಿಸುತ್ತಿದ್ದ ಜಾಗಗಳಲ್ಲಿ ಈಗ ಮರಳು ತೆಗೆದ ಗುಂಡಿಗಳಿವೆ. ಮೇಲೆ ಮೊಣಕಾಲು ನೀರು ಕಾಣುತ್ತದೆ, ಒಂದು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುವಷ್ಟು ಆಳ. ಅಂಬಿಗನಿಗೆ ಬಾಯಿಪಾಠವಾಗಿದ್ದ ಹೊಳೆಯ ತಳ ಈಗ ಅವನಿಗೂ ಗೊತ್ತಿಲ್ಲ. ಈಜು ಬರುತ್ತದೆಂಬ ಧೈರ್ಯದಿಂದ ಗೆಳೆಯರ ಜೊತೆ ಇಳಿಯಬೇಡಿ.

ಪ್ರವಾಸ ಬೇಕೇ ಬೇಕೆಂದರೆ ಹೀಗೆ ಮಾಡಿ. ಹಾವೇರಿಯಿಂದಲೋ ರಾಣೆಬೆನ್ನೂರಿನಿಂದಲೋ ಬಸ್ಸು ಹಿಡಿದು ಗುತ್ತಲದ ಕಡೆಗೆ ಬಂದು, ಮುಂಜಾನೆಯೇ ಚೌಡದಾನಪುರ ಸೇರಿ. ಮುಕ್ತೇಶ್ವರದ ಕೆತ್ತನೆ ನೋಡಿ, ಗದ್ದುಗೆ ನೋಡಿ, ಅಲ್ಲಿಂದ ಗಳಗನಾಥಕ್ಕೆ ಹೋಗಿ ಎರಡು ಹೊಳೆಗಳ ನೀರು ಕೂಡುವುದನ್ನು ದಂಡೆಯ ಮೇಲಿಂದಲೇ ನೋಡಿ. ಜೊತೆಗೆ ಒಂದು ಅಳತೆಯ ಟೇಪು ಇರಲಿ. ದಂಡೆಯ ಮೇಲೆ ಮಗುಚಿ ಹಾಕಿದ ಹರಿಗೋಲು ಕಂಡರೆ ಅದರ ಅಡ್ಡಗಲ, ಎತ್ತರ ಅಳೆದುಕೊಳ್ಳಿ. ಎಷ್ಟು ಜನರನ್ನು ಹೊತ್ತೀತೆಂದು ಲೆಕ್ಕ ಹಾಕಿ ಕಾಗದದ ಮೇಲೆ ಬರೆದಿಡಿ. ಆಮೇಲೆ ಹತ್ತಿರದಲ್ಲಿ ಬಲೆ ಬಿಡಿಸುತ್ತ ಕುಳಿತ ಹಿರಿಯರನ್ನು, ಯಜಮಾನ್ರೆ, ಇದರಾಗ ಎಷ್ಟು ಮಂದಿ ಹಿಡಿಸ್ತಾರ್ರಿ ಎಂದು ಕೇಳಿ. ಅವರು ಹೇಳುವ ಅಂಕಿ ನಿಮ್ಮದಕ್ಕಿಂತ ಕಡಿಮೆ ಇದ್ದರೆ ಅದನ್ನೂ ಪಕ್ಕದಲ್ಲಿ ಬರೆದುಕೊಂಡು ಬನ್ನಿ.